ಓಗೊಡದವರು

ಬಲಗೈಗೆ ಹಸಿರು ಬಳೆ ಏರಲಿಲ್ಲ. ಸತ್ಯವತಿ ಬೆರಳುಗಳನ್ನು ಒಟ್ಟುಮಾಡಿ ಹಿಡಿದು ಇನ್ನೊಮ್ಮೆ ಒತ್ತಿದಳು. ಬಳೆ ಹೆಬ್ಬೆರಳಿನ ಬುಡದಲ್ಲೇ ನಿಂತಿತು. ಆಸ್ಪತ್ರೆಯ ಶವಾಗಾರದಿಂದ ಬೆಳಿಗ್ಗೆಯಷ್ಟೇ ಮನೆಗೆ ಬಂದ ಕೈ ಅದು, ಮಣಿಯುವಂತಿರಲಿಲ್ಲ.

"ಸ್ವಲ್ಪ ಸೋಪ್ ಹಚ್ಚಿ ನೋಡೋಣ್ವಾ ಆಂಟಿ?" ಪಕ್ಕದಲ್ಲಿ ಮಂಡಿಯೂರಿದ್ದ ಹಂಸಾ ಕೇಳಿದಳು.

"ಬೇಡ ಕಣೆ, ಉಷಾಗೆ ನೋವಾಗತ್ತೆ."

ಹೇಳಿಬಿಟ್ಟ ಮೇಲಷ್ಟೇ ತಾನೇನು ಹೇಳಿದೆನೆಂದು ಸತ್ಯವತಿಗೆ ಹೊಳೆಯಿತು. ಸುತ್ತ ಕೂತಿದ್ದ ಹೆಂಗಸರಲ್ಲಿ ಯಾರೋ ಬಿಕ್ಕಿದರು. ಬಳೆಯನ್ನು ಉಷಾಲತಾಳ ಅಂಗೈಯ ಮೇಲಿಟ್ಟು ಸತ್ಯವತಿ ಆ ಬೆರಳುಗಳನ್ನು ನಿಧಾನಕ್ಕೆ ಅದರ ಸುತ್ತ ಮಡಚಲು ನೋಡಿದಳು. ಅದೂ ಆಗಲಿಲ್ಲ.

ಬಹ್ರೇನ್‌ನ ಜಿಂಜ್ ಬಡಾವಣೆಯ ಆ ಫ್ಲ್ಯಾಟಿನ ಹಾಲ್‌ನಲ್ಲಿ ಸೋಫಾಗಳನ್ನು ಗೋಡೆಗೆ ಸರಿಸಿ, ನಡುವೆ ಚಾಪೆಯ ಮೇಲೆ ಉಷಾಲತಾಳನ್ನು ಮಲಗಿಸಿದ್ದರು. ಅವಳಿಗಿನ್ನೂ ಐವತ್ತು ಆಗಿರಲಿಲ್ಲ. ಮನಾಮದ ತರಕಾರಿ ಮಾರುಕಟ್ಟೆಯಲ್ಲಿ ಬಸಳೆಯ ಕಟ್ಟನ್ನು ಎತ್ತಿ ನೋಡುತ್ತಿದ್ದವಳು ತಲೆನೋವೆಂದು ಅಲ್ಲೇ ಕುಸಿದು ಕೂತಿದ್ದಳು, ಮತ್ತೆ ಏಳಲಿಲ್ಲ. ಮಿದುಳಿನೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ದೇಹವನ್ನು ಉಡುಪಿಗೆ ಕಳಿಸುವ ಮಾತು ಬಂದಾಗ ಗಂಡ ಮೋಹನದಾಸ ಒಪ್ಪಲಿಲ್ಲ. "ಮದುವೆಯಾಗಿ ಬಂದ ಮೇಲೆ ಅವಳು ಬದುಕಿದ್ದೆಲ್ಲ ಈ ಬಹ್ರೇನ್‌ನಲ್ಲೇ. ಅವಳ ಜನ ಎಲ್ಲ ಇಲ್ಲೇ ಉಂಟು," ಎಂದಿದ್ದ.

ಅವಳ ಜನವೆಂದರೆ ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪ್ರತಿ ಶುಕ್ರವಾರ ಸತ್ಯವತಿಯ ಮನೆಯಲ್ಲಿ ಸೇರುವ ಹಾಡಿನ ಗುಂಪು. ಉಷಾಲತಾಳನ್ನು ಬಿಟ್ಟರೆ ಉಳಿದವರು ಏಳು ಹೆಂಗಸರು. ಏಳೂ ಮಂದಿ ಈಗ ಅವಳ ಸುತ್ತ ಕೂತಿದ್ದರು.

ಎದುರು ಫ್ಲ್ಯಾಟಿನ ಬೀಫಾತಿಮಾ ಗಂಜಿಯ ಪಾತ್ರೆ ಹಿಡಿದುಕೊಂಡು ಬಂದಳು. ಉಷಾಲತಾಳ ಮಗಳು ಅನಿಷಾ ನಿನ್ನೆಯಿಂದ ಏನೂ ತಿಂದಿರಲಿಲ್ಲ. ಹುಡುಗಿಗೆ ಒಂದೆರಡು ಚಮಚ ಕುಡಿಸಿ, ಪಾತ್ರೆಯನ್ನು ಅಡಿಗೆಮನೆಯಲ್ಲಿಡಲು ಹೋದ ಬೀಫಾತಿಮಾಳ ಹಿಂದೆ ಸತ್ಯವತಿಯೂ ನೀರಿಗೆಂದು ಹೋದಳು.

"ಇನ್ನು ಈ ಕಿಟಕಿಗೆ ಜೀವ ಇಲ್ಲ ಅಕ್ಕ," ಎಂದಳು ಬೀಫಾತಿಮಾ, ಹೊರಗೆ ತೋರಿಸಿ. ನಡುವೆ ಗಾಳಿಗೆಂದು ಬಿಟ್ಟ ಇಕ್ಕಟ್ಟಾದ ಸಂದಿಯಾಚೆಗೆ ಅವಳ ಅಡಿಗೆಮನೆಯ ಕಿಟಕಿ ಕಾಣುತ್ತಿತ್ತು. "ಮೋಹನದಾಸಣ್ಣ ಅಂಗಡಿಗೆ, ಮಗು ಸ್ಕೂಲಿಗೆ ಹೋದ ಮೇಲೆ ಉಷಕ್ಕ ಹಾಡುದು. ಎಂಥ ಸ್ವರ ಮಾರಾಯ್ತಿ! ನಾನು ಮಿಕ್ಸಿ ಬಂದ್ ಮಾಡಿ ಕೇಳ್ತಿದ್ದೆ."

"ಅದು ಮೊದಲಿನ ಮಾತಲ್ವಾ?"

"ಮೊದಲೆಂತದು? ಮೊನ್ನೆ ಮಾರ್ಕೆಟಿಗೆ ಹೋಗುವ ದಿನ ಸಹ ಹಾಡಿದ್ದಾರೆ."

ಸತ್ಯವತಿ ಲೋಟವನ್ನು ಕೆಳಗಿಟ್ಟಳು. "ಅವಳ ಗಂಟಲು ಕೆಟ್ಟೋಗಿತ್ತಲ್ಲ ಬೀಫಾತಿಮಾ. ವರ್ಷಗಳೇ ಆದವು."

"ಗಂಟಲಿಗೆ ಎಂತದೂ ಆಗಿರ್ಲಿಲ್ಲ. ನಾನೇ ಕೇಳಿದ್ದೇನೆ, ಉಷಕ್ಕ, ನೀವು ಗುಂಪಿನಲ್ಲಿ ಹೀಗೆ ಯಾಕೆ ಹಾಡುದಿಲ್ಲ ಅಂತ. ನಗಾಡಿದ್ರು. 'ಇಲ್ಲಿ ನೀನು ಮಿಕ್ಸಿ ನಿಲ್ಲಿಸ್ತೀ ಅಲ್ವಾ' ಹೇಳಿದ್ರು. ನನಗೆ ಅರ್ಥ ಆಗ್ಲಿಲ್ಲ."

ಸತ್ಯವತಿಗೆ ಅರ್ಥವಾಯಿತು. ಅವಳು ನೀರು ಕುಡಿಯದೆ ಹಾಲ್‌ಗೆ ಮರಳಿದಳು.

ಮೋಹನದಾಸ ಅಲ್ಲಿ ಅವಳಿಗಾಗಿಯೇ ಕಾಯುತ್ತಿದ್ದ. ಸಲ್ಮಾಬಾದಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ನಡೆಸುವ, ಗಟ್ಟಿ ಮೈಕಟ್ಟಿನ, ಮಾತು ಕಡಿಮೆಯ ಗಂಡಸು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ.

"ಸತ್ಯಕ್ಕ, ಒಂದು ಕೇಳ್ಬೇಕಿತ್ತು. ನೀವೆಲ್ಲ ಸ್ಮಶಾನಕ್ಕೆ ಬರ್ಬೇಕು. ನಮ್ಮಲ್ಲಿ ಹೆಂಗಸರು ಹೋಗುದಿಲ್ಲ, ಗೊತ್ತುಂಟು. ಭಟ್ಟರ ಹತ್ತಿರ ಕೇಳಿದೆ, ಅಡ್ಡಿಲ್ಲ ಅಂದ್ರು. ಆ ಹಾಡು ಹಾಡ್ಬೇಕು. ರಾಜ್ಯೋತ್ಸವದ ದಿನ ಅವಳು ಹಾಡಿದ್ದು, ಒಬ್ಬಳೇ ಕರೆದು, ಒಬ್ಬಳೇ ಓಗೊಟ್ಟದ್ದು. ಮ್ಯಾಕ್ಸಿಮ್‌ಗೆ ಕೀಬೋರ್ಡ್ ತರ್ಲಿಕ್ಕೆ ಹೇಳಿದ್ದೇನೆ."

ಹಂಸಾ ತಲೆ ಎತ್ತಿ ಸತ್ಯವತಿಯನ್ನು ನೋಡಿದಳು. ಉಳಿದವರು ನೆಲ ನೋಡಿದರು.

"ಆಯ್ತು," ಎಂದಳು ಸತ್ಯವತಿ.

*

ಸತ್ಯವತಿ ಮೈಸೂರಿನವಳು, ಚಿಕ್ಕಂದಿನಿಂದ ಕ್ರಮವಾಗಿ ಸಂಗೀತ ಕಲಿತವಳು. ಗಂಡ ಲಕ್ಷ್ಮೀಪತಿಗೆ ಬ್ಯಾಂಕಿನಲ್ಲಿ ಕೆಲಸ. ಬಹ್ರೇನ್‌ಗೆ ಬಂದ ಮೊದಮೊದಲ ವರ್ಷಗಳ ಬೇಸರ ಕಳೆಯಲೆಂದೇ ಅವಳು ಹಾಡಿನ ಗುಂಪು ಕಟ್ಟಿದ್ದು. ಒಂದು ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಉಷಾಲತಾ, ಒತ್ತಾಯಕ್ಕೆ ಮಣಿದು, ಅಜ್ಜಿ ಕಲಿಸಿದ ಒಂದು ದೇವರನಾಮ ಹೇಳಿದಳು. ತಾಳ ಎರಡು ಕಡೆ ಜಾರಿತು. ಆದರೆ ಆ ದನಿ! ಅದು ಇಂಪಿನ ದನಿಯಲ್ಲ. ಸ್ವಲ್ಪ ಒರಟು. ಗದ್ದೆಯ ಆ ಬದಿಯಲ್ಲಿರುವವರನ್ನು ಕೂಗಿ ಕರೆಯಲೆಂದೇ ಹುಟ್ಟಿದಂತಿತ್ತು. ಸತ್ಯವತಿಯ ಕೈಯಲ್ಲಿದ್ದ ಅರಿಶಿನ ಕುಂಕುಮದ ತಟ್ಟೆ ಹಾಗೇ ನಿಂತಿತ್ತು.

ಆ ದನಿಗಾಗಿಯೇ ಅವಳು ಒಂದು ಹಾಡು ಬರೆದಳು. ಮುಸ್ಸಂಜೆಯಲ್ಲಿ ದಾರಿ ತಪ್ಪಿದ ಹೆಣ್ಣೊಬ್ಬಳು ಬಯಲಲ್ಲಿ ನಿಂತು ಕರೆಯುತ್ತಾಳೆ:

ಬಯಲಿನಾಚೆ ದೀಪವಿಲ್ಲ, ದಾರಿ ಮರೆತೆ, ಯಾರಿದ್ದೀರಿ?

ಕಾಣದ ಕಡೆಯಿಂದ ಊರಿನ ಹೆಂಗಸರೆಲ್ಲ ಓಗೊಡುತ್ತಾರೆ:

ನಾವಿದ್ದೇವೆ, ನಾವಿದ್ದೇವೆ, ದನಿಯ ಹಿಡಿದು ನಡೆದು ಬಾ.

ಚರಣದಿಂದ ಚರಣಕ್ಕೆ ಎರಡು ದನಿಗಳೂ ಹತ್ತಿರವಾಗುತ್ತ ಬಂದು, ಕೊನೆಯಲ್ಲಿ ಯಾರು ಕರೆದವರು, ಯಾರು ಓಗೊಟ್ಟವರು ಎಂದು ತಿಳಿಯದಂತೆ ಕೂಡಿಹೋಗಬೇಕು. ರಾಗ ಕೂರಿಸಿದವನು ಮಂಗಳೂರಿನ ಮ್ಯಾಕ್ಸಿಮ್, ಇಗರ್ಜಿಯ ಹಾಡುಗಾರರ ನಡುವೆ ಬೆಳೆದವನು. ಮೊದಲ ಸಲ ಪೂರ್ತಿ ಹಾಡಿ ಮುಗಿಸಿದಾಗ ಉಷಾಲತಾ ಅಳುತ್ತಿದ್ದಳು. "ನೀವೆಲ್ಲ ಓಗೊಟ್ಟಾಗ ಬೆನ್ನಿಗೆ ಯಾರೋ ಕೈ ಇಟ್ಟ ಹಾಗೆ ಆಗ್ತದೆ ಸತ್ಯಕ್ಕ," ಎಂದಿದ್ದಳು.

ಹಾಡಿಗೆ ಹೆಸರು ಬಂತು. ಹೆಸರು ಬಂದದ್ದು ಉಷಾಲತಾಳಿಗೆ. ದೋಹಾದ ಕನ್ನಡಿಗರು ತಮ್ಮ ಕಾರ್ಯಕ್ರಮಕ್ಕೆ ಅವಳನ್ನೂ ಮ್ಯಾಕ್ಸಿಮ್‌ನನ್ನೂ ಮಾತ್ರ ಕರೆದರು. ಅವಳು ಒಪ್ಪಿಕೊಂಡಳು, ಗುಂಪಿಗೆ ಹೇಳಲಿಲ್ಲ. ಹಂಸಾಳ ಗಂಡ ಗಗನ್‌ಗೆ ದೋಹಾದ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ್ದರಿಂದ ವಿಷಯ ಹೊರಬಿತ್ತು.

"ಹೇಳ್ಬೇಕು ಅಂತಲೇ ಇದ್ದೆ," ಎಂದಳು ಉಷಾಲತಾ, ಸತ್ಯವತಿ ನೇರವಾಗಿ ಕೇಳಿದಾಗ. "ಹೇಳಿದ್ರೆ ನೀವು ಬೇಡ ಅಂತೀರಿ ಅಂತ ಹೆದರಿಕೆ. ಒಂದು ಸಲ ಹೋಗಿ ಬರ್ತೇನೆ ಸತ್ಯಕ್ಕ. ನನಗೆ ಆಸೆ ಉಂಟು."

"ಅಲ್ಲಿ ಓಗೊಡೋರು ಯಾರು?"

"ಅಲ್ಲಿಯವರೇ ಯಾರೋ ಕಲ್ತುಕೊಳ್ತಾರಂತೆ."

ಅವಳು ಹೋಗುವುದಕ್ಕಿಂತ ಈ ಮಾತು ಸತ್ಯವತಿಯನ್ನು ಹೆಚ್ಚು ಚುಚ್ಚಿತು. ತಾನು ಬರೆದ 'ನಾವಿದ್ದೇವೆ' ಎಂಬ ಸಾಲನ್ನು ಯಾರು ಹೇಳಿದರೂ ಆಗುತ್ತದೆ! ರಾಜ್ಯೋತ್ಸವದ ಹಿಂದಿನ ಸಂಜೆ ಉಷಾಲತಾ ಇಲ್ಲದ ಹೊತ್ತಿನಲ್ಲಿ ಗುಂಪಿನೆದುರು ಅವಳು ಹೇಳಿದ್ದು ಒಂದೇ ಮಾತು: "ಓಗೊಡೋರಿಲ್ಲದಿದ್ರೆ ಏನಾಗತ್ತೆ ಅಂತ ಅವಳಿಗೂ ಒಂದ್ಸಲ ಗೊತ್ತಾಗ್ಲಿ. ಮೊದಲನೇ ಸಲ ಸುಮ್ನಿರೋಣ. ಆಮೇಲೆ ಸೇರ್ಕೊಳ್ಳೋಣ." ಯಾರೂ ಹೂಂ ಎನ್ನಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ.

*

ಶವ ಹೊತ್ತ ವಾಹನ ಮುಂದೆ ಹೋಯಿತು. ಹೆಂಗಸರನ್ನು ಕರೆದೊಯ್ಯಲು ಬೀಫಾತಿಮಾಳ ಗಂಡ ಉಮರ್ ತನ್ನ ವ್ಯಾನ್ ತಂದಿದ್ದ. ಜೂನ್ ತಿಂಗಳ ಬಿಸಿಲು ರಸ್ತೆಯ ಮೇಲೆ ನೀರಿನಂತೆ ತೇಲುತ್ತಿತ್ತು. ಒಳಗೆ ಏಸಿ ಜೋರಾಗಿತ್ತು.

"ಹೇಗೆ ಹಾಡೋದು ಆಂಟಿ?" ಹಂಸಾ ಮೆಲ್ಲಗೆ ಕೇಳಿದಳು. ಆ ರಾಜ್ಯೋತ್ಸವದ ದಿನ ಅವಳು ಗುಂಪಿಗೆ ಸೇರಿ ಕೆಲವೇ ತಿಂಗಳಾಗಿತ್ತು. "ಅವತ್ತು ಬಾಯಿ ಮುಚ್ಕೊಂಡಿದ್ದು, ಇವತ್ತು ಅವರು ಉರೀತಿರೋವಾಗ ನಾವಿದ್ದೇವೆ ಅಂತ ಹಾಡೋದಾ? ನನ್ನ ಕೈಲಾಗಲ್ಲ."

"ಹಾಡ್ದೆ ಇದ್ರೆ ಮೋಹನದಾಸರಿಗೆ ಏನು ಹೇಳೋಣ?" ಎಂದಳು ಹಿಂದಿನ ಸೀಟಿನವಳು.

"ನಿಜ ಹೇಳೋದು."

"ಈಗ? ಹೆಂಡತಿ ಹೆಣ ಎದುರಿಗಿಟ್ಕೊಂಡಿರೋರಿಗೆ? ಅವತ್ತು ಟೇಪ್ ಮಾಡ್ಕೊಂಡ ಆ ಕ್ಯಾಸೆಟ್ ಅಂದ್ರೆ ಅವರಿಗೆ ಪ್ರಾಣ. ಅದೊಂದು ಸುಖವನ್ನಾದ್ರೂ ಉಳಿಸಮ್ಮ."

ಸತ್ಯವತಿ ಕಿಟಕಿಯಾಚೆ ನೋಡಿದಳು. ಈ ದಾರಿಯಲ್ಲಿ ಅವಳು ಎಷ್ಟೋ ಸಲ ಉಷಾಲತಾಳ ಹಳೆಯ ಟೊಯೋಟಾದಲ್ಲಿ ಕೂತು ಹೋಗಿದ್ದಳು. ಮೂರು ಸಲ ಫೇಲಾಗಿ ನಾಲ್ಕನೆಯದಕ್ಕೆ ಲೈಸೆನ್ಸ್ ಪಡೆದವಳು ಉಷಾಲತಾ. ಆಮೇಲೆ ಗುಂಪಿನ ಅರ್ಧ ಹೆಂಗಸರನ್ನು ಮನೆಮನೆಯಿಂದ ಹತ್ತಿಸಿಕೊಂಡು ಬರುವುದು ಅವಳದೇ ಕೆಲಸವಾಗಿತ್ತು. ರಾಜ್ಯೋತ್ಸವ ಕಳೆದ ಮುಂದಿನ ಶುಕ್ರವಾರ ಅವಳು ಬರಲಾರಳೆಂದೇ ಸತ್ಯವತಿ ಎಣಿಸಿದ್ದಳು. ಹೊತ್ತಿಗೆ ಸರಿಯಾಗಿ ಕೆಳಗೆ ಹಾರ್ನ್ ಕೇಳಿತು. ಕಾರಿನ ತುಂಬ ಎಂದಿನ ಹೆಂಗಸರು. ಎಲ್ಲರನ್ನೂ ಮೇಲೆ ಕರೆತಂದು, ಹಿಂದಿನ ಸಾಲಿಗೆ ಹೋಗಿ ನಿಂತು, "ನನ್ನ ಗಂಟಲು ಯಾಕೋ ಸರಿ ಇಲ್ಲ. ಇನ್ನು ಇಲ್ಲೇ ನಿಲ್ತೇನೆ," ಎಂದಿದ್ದಳು. ದೋಹಾಕ್ಕೂ ಹಾಗೆಯೇ ಹೇಳಿ ಕಳಿಸಿದ್ದಳು.

ಅಂದಿನಿಂದ ಹಿಂದಿನ ಸಾಲು. ಪಕ್ಕದಲ್ಲಿ ನಿಂತ ಸತ್ಯವತಿಗೆ ಅವಳ ತುಟಿ ಆಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಗಂಟಲು ಕೆಟ್ಟಿದೆ ಎಂಬ ಮಾತನ್ನು ಸತ್ಯವತಿ ಗಟ್ಟಿಯಾಗಿ ಹಿಡಿದುಕೊಂಡಳು. ಕಾಳುಮೆಣಸಿನ ಕಷಾಯ ಮಾಡಿಕೊಟ್ಟಳು. ಜ್ಯೇಷ್ಠಮಧು ತರಿಸಿಕೊಟ್ಟಳು. ಉಷಾಲತಾ ಎಲ್ಲವನ್ನೂ ಕುಡಿದಳು. ಟೊಮೆಟೊ ಬೆಲೆ, ಮಗಳ ಪರೀಕ್ಷೆ, ಊರಿನ ಮದುವೆ, ಎಲ್ಲದರ ಬಗ್ಗೆಯೂ ಕಾರಿನಲ್ಲಿ ಮಾತಾಡುತ್ತಿದ್ದಳು. ಆ ಒಂದನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಸತ್ಯವತಿ ಕ್ಷಮೆ ಕೇಳುತ್ತಿದ್ದಳು. ಎತ್ತದೇ ಇದ್ದುದರಿಂದ ಎಲ್ಲ ಸರಿಹೋಗಿದೆ ಎಂದು ಅಂದುಕೊಳ್ಳುವುದು ಸುಲಭವಾಯಿತು.

*

ಆ ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೋಹನದಾಸ ಹೊಸ ಸಫಾರಿ ಹಾಕಿಕೊಂಡು ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಉಷಾಲತಾ ಮುಂದೆ, ಅವಳ ಬೆನ್ನಿಗೆ ಏಳು ಹೆಂಗಸರು.

ಯಾರಿದ್ದೀರಿ, ಎಂದು ಅವಳು ಕರೆದಳು. ಮ್ಯಾಕ್ಸಿಮ್‌ನ ಬೆರಳುಗಳು ಓಗೊಡುವ ಸ್ವರಕ್ಕೆ ಇಳಿದವು. ಯಾರೂ ಬಾಯಿ ತೆರೆಯಲಿಲ್ಲ. ಉಷಾಲತಾಳ ಬೆನ್ನು ಬಿಗಿಯಾದುದನ್ನು ಸತ್ಯವತಿ ಕಂಡಳು. ಅವಳು ತಿರುಗಿ ನೋಡಲಿಲ್ಲ. ಇನ್ನೊಮ್ಮೆ, ಸ್ವಲ್ಪ ಮೇಲಿನ ಸ್ವರದಲ್ಲಿ ಕರೆದಳು: ಯಾರಿದ್ದೀರಿ? ಈಗ ಸೇರಿಕೊಳ್ಳಬೇಕಿತ್ತು. ಸತ್ಯವತಿ ಕೈಯೆತ್ತಿ ಸನ್ನೆ ಮಾಡಿದರೆ ಏಳೂ ಜನ ಹಾಡುತ್ತಿದ್ದರು. ಕೈ ಏಳಲಿಲ್ಲ. ಮ್ಯಾಕ್ಸಿಮ್ ಗಾಬರಿಯಿಂದ ಅವಳನ್ನೇ ನೋಡುತ್ತ ಒಂದೇ ಸ್ವರ ಒತ್ತಿ ಹಿಡಿದಿದ್ದ.

ಆಗ ಉಷಾಲತಾ ದನಿಯನ್ನು ತೀರ ಕೆಳಗಿಳಿಸಿ ತಾನೇ ಓಗೊಟ್ಟಳು:

ನಾನಿದ್ದೇನೆ, ನಾನಿದ್ದೇನೆ, ದನಿಯ ಹಿಡಿದು ನಡೆದು ಬಾ.

ಮುಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಇಡೀ ಸಭಾಂಗಣಕ್ಕೆ ಹರಡಿತು. ತನಗೆ ತಾನೇ ಓಗೊಡುವ ಹೆಣ್ಣು! ಎಂಥ ಕಲ್ಪನೆ, ಎಂದರು ಆಮೇಲೆ ಎಲ್ಲರೂ, ಬರೆದ ಸತ್ಯವತಿಯ ಕೈ ಕುಲುಕಿ. ಆ ಒಂದು ಮಾತಿನ ಬದಲಾವಣೆಯ ನಂತರ ಗುಂಪಿಗೆ ಹಾಡಿನೊಳಗೆ ಬರಲು ಜಾಗವೇ ಉಳಿದಿರಲಿಲ್ಲ. ಕೊನೆಯ ಚರಣದವರೆಗೂ ಏಳು ಜನ ಅಲಂಕಾರ ಮಾಡಿಕೊಂಡು ಸುಮ್ಮನೆ ನಿಂತಿದ್ದರು.

*

ಸ್ಮಶಾನದಲ್ಲಿ ಕಟ್ಟಿಗೆ ಜೋಡಿಸಿ ಆಗಿತ್ತು. ಯಾವುದೋ ಕಾಗದಕ್ಕೆ ಸೀಲು ಬೀಳಬೇಕೆಂದು ಕಾಯುತ್ತಿದ್ದರು. ಮ್ಯಾಕ್ಸಿಮ್ ಕೀಬೋರ್ಡನ್ನು ಕಾರಿನಿಂದ ಇಳಿಸದೆ ಡಿಕ್ಕಿಯ ಬಳಿ ನಿಂತಿದ್ದ. ಸತ್ಯವತಿ ಕಣ್ಣಿಗೆ ಬಿದ್ದಾಗ ಮುಖ ತಿರುಗಿಸಿಕೊಂಡ. ಕಾಂಪೌಂಡಿನ ಗೋಡೆಯ ನೆರಳಿನಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಮೋಹನದಾಸ ಕೂತಿದ್ದ, ಪಕ್ಕದಲ್ಲಿ ಅನಿಷಾ. ಸತ್ಯವತಿಯೂ ಹಂಸಾಳೂ ಹತ್ತಿರ ಹೋದರು.

"ಕೂತ್ಕೊಳ್ಳಿ ಸತ್ಯಕ್ಕ." ಅವನು ಸರಿದು ಜಾಗ ಮಾಡಿಕೊಟ್ಟ. "ನಾನು ಎಣಿಸ್ತಿದ್ದೆ. ಈ ಊರಿನ ಧೂಳು, ಹಗಲೂ ರಾತ್ರಿ ಏಸಿ. ಅದೇ ಅವಳ ಸ್ವರ ತಿಂದದ್ದು. ಊರಲ್ಲೇ ಬಿಟ್ಟಿದ್ರೆ ಹಾಡ್ಕೊಂಡು ಇರ್ತಿದ್ದಳು. ಕರ್ಕೊಂಡು ಬಂದವ ನಾನು. ಎಷ್ಟು ಡಾಕ್ಟರಿಗೆ ತೋರಿಸ್ತೇನೆ ಅಂದೆ, ಬರ್ಲಿಲ್ಲ. ನಾನು ಎಳ್ಕೊಂಡಾದ್ರೂ ಹೋಗ್ಬೇಕಿತ್ತು. ಅಂಗಡಿ, ಅಂಗಡಿ ಅಂತ..." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಅವಳ ಸ್ವರ ಹೋದದ್ದು ನನ್ನಿಂದ."

ಇದನ್ನು ಕೇಳಿಸಿಕೊಂಡು ಸುಮ್ಮನಿರುವುದು ಸತ್ಯವತಿಯಿಂದ ಆಗಲಿಲ್ಲ.

"ನಿಮ್ಮಿಂದ ಅಲ್ಲ," ಎಂದಳು. "ಅವಳ ಗಂಟಲಿಗೆ ಏನೂ ಆಗಿರ್ಲಿಲ್ಲ ಮೋಹನದಾಸರೇ. ಅವಳು ನಮ್ಮ ಜೊತೆ ಹಾಡೋದು ಬಿಟ್ಟಿದ್ಲು, ಅಷ್ಟೇ. ಆ ರಾಜ್ಯೋತ್ಸವದ ದಿನ ನಾವು ಓಗೊಡಬೇಕಿತ್ತು. ಹಾಡು ಇದ್ದಿದ್ದೇ ಹಾಗೆ. ನಾವು ಬೇಕು ಅಂತಲೇ ಬಾಯಿ ಮುಚ್ಕೊಂಡ್ವಿ. ದೋಹಾಗೆ ಅವಳೊಬ್ಬಳೇ ಹೋಗ್ತಾಳೆ ಅನ್ನೋ ಹೊಟ್ಟೆಕಿಚ್ಚು. ಹೇಳಿದವಳು ನಾನು."

ಮೋಹನದಾಸ ಅವಳನ್ನೇ ನೋಡಿದ.

"ಒಬ್ಬರೂ ಹಾಡ್ಲಿಲ್ವಾ?"

"ಇಲ್ಲ."

"ಅವಳಿಗೆ ಮೊದಲೇ ಗೊತ್ತಿರ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ಎರಡನೇ ಸಲ ಅವಳು ಕರೆದದ್ದು..." ಅವನು ನಿಲ್ಲಿಸಿದ. ಆ ಕ್ಯಾಸೆಟ್ಟಿನ ಒಂದೊಂದು ಉಸಿರೂ ಅವನಿಗೆ ಬಾಯಿಪಾಠ. "ಅದು ನಿಮ್ಮನ್ನೇ ಕರೆದದ್ದು."

ಹಂಸಾ ಅಳತೊಡಗಿದಳು. ಮೋಹನದಾಸ ಅವಳ ಕಡೆ ನೋಡಲಿಲ್ಲ. ಅವನ ಮುಖದಲ್ಲಿ ಸಿಟ್ಟು ಬರುತ್ತದೆಂದು ಸತ್ಯವತಿ ಕಾದಳು. ಬಂದರೆ ಸಾಕೆನಿಸಿತ್ತು.

"ಚಪ್ಪಾಳೆ ಶುರು ಮಾಡಿದ್ದು ನಾನೇ ಅಲ್ವಾ ಸತ್ಯಕ್ಕ," ಎಂದ ಅವನು. "ಅವಳು ಹೆದರಿ ನಿಂತಿದ್ದಾಳೆ, ನಾನು ಚಪ್ಪಾಳೆ ಹೊಡೀತಾ ಇದ್ದೇನೆ. ಅಂಗಡಿಗೆ ಬಂದವರಿಗೆಲ್ಲ ಆ ಕ್ಯಾಸೆಟ್ ಹಾಕಿ ಕೇಳಿಸಿದೆ. ಮನೆಯಲ್ಲಿ ನೆಂಟರು ಬಂದ್ರೂ ಅದೇ. ಹಾಕಿದ ಕೂಡ್ಲೆ ಅವಳು ಎದ್ದು ಒಳಗೆ ಹೋಗ್ತಿದ್ದಳು. ನಾಚಿಕೆ ಅಂತ ಎಣಿಸಿದ್ದೆ. ಹೊಗಳಿದ್ರೆ ಅವಳಿಗೆ ಆಗ್ತಿರ್ಲಿಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ."

ಅವನ ಹೆಗಲಿನಿಂದ ಒಂದು ಹೊರೆ ಇಳಿಸುತ್ತೇನೆಂದು ಸತ್ಯವತಿ ಬಾಯಿ ತೆರೆದಿದ್ದಳು. ಕಣ್ಣೆದುರೇ ಅವನು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ.

"ಅವಳಿಗೂ ನಿಮಗೆ ಹೇಳೋಕೆ..." ಎಂದು ಶುರುಮಾಡಿದಳು.

"ಬೇಡ. ಇವತ್ತು ಸಾಕು."

ಒಳಗಿನಿಂದ ಭಟ್ಟರು ಕೈ ಬೀಸಿದರು. ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಅನಿಷಾ ಎದ್ದು ಅಪ್ಪನ ತೋಳು ಹಿಡಿದಳು. "ಡ್ಯಾಡಿ, ದೇ ಆರ್ ಕಾಲಿಂಗ್ ಯು." ಸತ್ಯವತಿಯನ್ನು ಒಮ್ಮೆ ನೋಡಿದಳು. ಕನ್ನಡ ಅವಳಿಗೆ ಮಾತಾಡಲು ಬಾರದಿದ್ದರೂ ಪೂರ್ತಿ ಅರ್ಥವಾಗುತ್ತಿತ್ತು.

ಮೋಹನದಾಸ ಎರಡು ಹೆಜ್ಜೆ ಹೋಗಿ ತಿರುಗಿದ.

"ಹಾಡುದು ಬೇಡ ಸತ್ಯಕ್ಕ. ನೀವೆಲ್ಲ ಹೊರಗೆ ಇರಿ. ನಾವಿಬ್ಬರು ಸಾಕು."

ಏಳು ಹೆಂಗಸರು ಗೇಟಿನ ಹೊರಗೆ ಬಂದರು. ಮ್ಯಾಕ್ಸಿಮ್ ಕಾರಿನ ಡಿಕ್ಕಿ ಮುಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಒಳಗೆ ಹೋಗಲೂ ಆಗದೆ ಹೊರಡಲೂ ಆಗದೆ ಅಲ್ಲೇ ನಿಂತ. ನಡು ಮಧ್ಯಾಹ್ನವಾಗಿತ್ತು. ಗೋಡೆಯ ಹೊರಬದಿಯಲ್ಲಿ ನೆರಳೇ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲಿನಿಂದ ಹೊಗೆ ಕಾಣಿಸಿತು, ಗಾಳಿಯಿಲ್ಲದ್ದರಿಂದ ನೆಟ್ಟಗೆ ಮೇಲೇರಿತು.

ಉಮರ್ ವ್ಯಾನಿನ ಬಾಗಿಲು ಸರಿಸಿ ಕರೆದ. "ಬನ್ನಿ ಅಕ್ಕ, ಒಳಗೆ ಕೂತ್ಕೊಳ್ಳಿ. ಏಸಿ ಹಾಕಿದ್ದೇನೆ. ಈ ಬಿಸಿಲಿಗೆ ತಲೆ ತಿರುಗ್ತದೆ."

ಯಾರೂ ಕದಲಲಿಲ್ಲ. ಯಾರೂ ಇನ್ನೊಬ್ಬರ ಹತ್ತಿರ ನಿಂತಿರಲಿಲ್ಲ. ಒಬ್ಬಳು ಕಂಬದ ಬಳಿ, ಒಬ್ಬಳು ರಸ್ತೆಯ ಅಂಚಿನಲ್ಲಿ, ಒಬ್ಬಳು ಗೇಟಿಗೆ ಬೆನ್ನು ಮಾಡಿ. ಉಮರ್ ಸ್ವಲ್ಪ ಹೊತ್ತು ಕಾದು, ಎಂಜಿನ್ ಆರಿಸದೆ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತ. ಖಾಲಿ ಸೀಟುಗಳ ಮೇಲಿಂದ ತಣ್ಣನೆ ಗಾಳಿ ಬಾಗಿಲಿನ ಮೂಲಕ ಹೊರಗೆ ಬಂದು ಬಿಸಿಲಿನಲ್ಲಿ ಕರಗುತ್ತಿತ್ತು.

ಸತ್ಯವತಿಯ ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಹನಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಹಂಸಾ ಬಂದು ತನ್ನ ಸೆರಗನ್ನು ಅಗಲಕ್ಕೆ ಬಿಡಿಸಿ ಅವಳ ತಲೆಯ ಮೇಲೆ ಹಿಡಿದಳು. ಸತ್ಯವತಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಬಿಸಿಲಿನಲ್ಲಿ ನಿಂತಳು. ಹಂಸಾ ಸೆರಗನ್ನು ಹಾಗೇ ಎತ್ತಿ ಹಿಡಿದುಕೊಂಡಿದ್ದಳು. ಅದರ ಅಡಿಯಲ್ಲಿ, ಬಿಳಿಯ ಮರಳಿನ ಮೇಲೆ, ಒಂದು ತುಂಡು ನೆರಳು ಬಿದ್ದಿತ್ತು.